ಬಿಡಿಬಿಡಿ ಕೋರ್ಟ್ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಆಡಿಯೊ ಸಿಂಕ್ ತಪ್ಪದಂತೆ ಒಂದಾಗಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಅಮೆರಿಕದ ಕೋರ್ಟ್ ರಿಪೋರ್ಟರ್‌ಗಳಿಗೆ (ಸಾಕ್ಷ್ಯ, ವಾದಗಳನ್ನು ಪದಶಃ ದಾಖಲಿಸುವವರಿಗೆ) ಟ್ರಾನ್ಸ್‌ಕ್ರಿಪ್ಟ್ ತಿದ್ದಿಕೊಡುವವರಿಗೆ, ಪ್ರೂಫ್ ನೋಡುವವರಿಗೆ ಈ ಪರಿಸ್ಥಿತಿ ಚೆನ್ನಾಗಿ ಗೊತ್ತು. ಒಬ್ಬನೇ ಸಾಕ್ಷಿಯ ಡೆಪೊಸಿಷನ್, ಅಂದರೆ ವಿಚಾರಣೆಗೆ ಮುನ್ನ ನ್ಯಾಯಾಲಯದ ಹೊರಗೆ ಪ್ರಮಾಣ ಮಾಡಿ ಕೊಡುವ ಹೇಳಿಕೆ. ಬೆಳಗಿನದು ಒಂದು ಫೈಲು, ಊಟದ ನಂತರದ್ದು ಇನ್ನೊಂದು, ನಡುವೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಿದ್ದರಿಂದ ಮೂರನೆಯದು. ಪ್ರತಿಯೊಂದಕ್ಕೂ ಅದರದೇ ಆಡಿಯೊ. ಬೇರೆ ಬೇರೆಯಾಗಿ ತೆರೆದರೆ ಎಲ್ಲವೂ ಸರಿ, ಯಾವ ಸಾಲಿನ ಮೇಲೆ ಕ್ಲಿಕ್ ಮಾಡಿದರೂ ಅದೇ ಮಾತು ಕೇಳಿಸುತ್ತದೆ. ಮೂರನ್ನೂ ಸೇರಿಸಿದ್ದೇ ತಡ, ಎರಡನೇ ಭಾಗದಿಂದಾಚೆಗೆ ಅಕ್ಷರ ಒಂದು ಕಡೆ, ಧ್ವನಿ ಇನ್ನೊಂದು ಕಡೆ.

ಹೀಗಾಗುವುದಕ್ಕೆ ಮುಖ್ಯ ಕಾರಣ ಕೆಲಸದ ಕ್ರಮ. ಹೆಚ್ಚಿನವರು ಮೊದಲು ಪಠ್ಯ ಸೇರಿಸುತ್ತಾರೆ, ಆಮೇಲೆ ಆಡಿಯೊವನ್ನು ಅದಕ್ಕೆ ಹೊಂದಿಸಲು ಒದ್ದಾಡುತ್ತಾರೆ. ಇದು ತಿರುಗಬೇಕು. ಸಮಯ ಎನ್ನುವುದು ಇರುವುದು ಆಡಿಯೊದಲ್ಲಿ. ಪಠ್ಯದಲ್ಲಿರುವುದು ಆ ಸಮಯದ ಗುರುತು ಮಾತ್ರ. ಆದ್ದರಿಂದ ಮೊದಲು ಆಡಿಯೊ ಜೋಡಿಸಿ, ಜೋಡಿಸಿದ್ದನ್ನು ಅಳೆಯಿರಿ, ಅಳತೆ ಎಷ್ಟು ಬಂತೋ ಅಷ್ಟೇ ಪಠ್ಯವನ್ನು ಮುಂದಕ್ಕೆ ಸರಿಸಿ. ಮುಂದೆ ಹೇಳುವುದೆಲ್ಲ ಇದರ ವಿವರವೇ.

ಅಭ್ಯಾಸಕ್ಕೆ ಒಂದು ನಿಜವಾದ ಪ್ರಕರಣ

ಗಿರಾಕಿಯ ಫೈಲಿನ ಮೇಲೆ ಮೊದಲ ಪ್ರಯೋಗ ಮಾಡಬೇಡಿ. ಡೆಪೊಸಿಷನ್ ಆಡಿಯೊದಲ್ಲಿ ಜನರ ಆರೋಗ್ಯ, ಹಣಕಾಸು, ಮನೆಯ ಜಗಳ ಎಲ್ಲವೂ ಇರುತ್ತದೆ. ಅದನ್ನು ಆಟಕ್ಕೆ ಬಳಸುವಂತಿಲ್ಲ.

ಅಭ್ಯಾಸಕ್ಕೆ ಹೇಳಿ ಮಾಡಿಸಿದಂಥ ಸಾಮಗ್ರಿ ಅಮೆರಿಕದ ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲೇ ಇದೆ. ಅಲ್ಲಿ ಮೌಖಿಕ ವಾದಗಳನ್ನು 1955ರ ಅಕ್ಟೋಬರಿನಿಂದ ಧ್ವನಿಮುದ್ರಿಸುತ್ತಿದ್ದಾರೆ. ಈಚಿನ ವರ್ಷಗಳ ಆಡಿಯೊ, ಟ್ರಾನ್ಸ್‌ಕ್ರಿಪ್ಟ್ ಎರಡೂ ಯಾರಿಗಾದರೂ ಸಿಗುತ್ತವೆ. ನಾನು ಸೂಚಿಸುವುದು 14-556ನೇ ಸಂಖ್ಯೆಯ ಪ್ರಕರಣವನ್ನು, ಅಂದರೆ ಸಲಿಂಗ ವಿವಾಹಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದು 2015ರ ಜೂನ್ 26ರಂದು ತೀರ್ಪು ಬಂದ ಒಬರ್ಗಫೆಲ್ ವಿರುದ್ಧ ಹಾಜಸ್ ಪ್ರಕರಣವನ್ನು. ಅದರ ವಾದ ನಡೆದದ್ದು 2015ರ ಏಪ್ರಿಲ್ 28ರಂದು. ನ್ಯಾಯಾಲಯ ಎರಡು ಪ್ರಶ್ನೆಗಳನ್ನು ಎತ್ತಿಕೊಂಡು ಮೊದಲನೆಯದಕ್ಕೆ 90 ನಿಮಿಷ, ಎರಡನೆಯದಕ್ಕೆ 60 ನಿಮಿಷ ಕೊಟ್ಟಿತ್ತು. ಹಾಗಾಗಿ ಒಂದೇ ದಿನದ, ಒಂದೇ ಪ್ರಕರಣದ ವಾದಕ್ಕೆ ಎರಡು ಆಡಿಯೊ ಫೈಲು, ಎರಡು ಟ್ರಾನ್ಸ್‌ಕ್ರಿಪ್ಟ್. ಎರಡರ ಪುಟಸಂಖ್ಯೆಯೂ 1ರಿಂದಲೇ ಶುರು. ನಮ್ಮ ಸಮಸ್ಯೆಯ ತದ್ರೂಪು.

ಇದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲ ಪ್ರಶ್ನೆಯ ವಾದದಲ್ಲಿ ಅರ್ಜಿದಾರರ ವಕೀಲೆ ಮೇರಿ ಬೊನಾಟೊ ಮಾತು ಮುಗಿಸಿ, ಸಾಲಿಸಿಟರ್ ಜನರಲ್ ಡೊನಾಲ್ಡ್ ವೆರಿಲಿ ಎದ್ದು ನಿಲ್ಲುವ ಹೊತ್ತಿಗೆ ಪ್ರತಿಭಟನಾಕಾರನೊಬ್ಬ ಕೂಗಾಡಿದ. ಅವನನ್ನು ಹೊರಗೆ ಕರೆದೊಯ್ಯುವವರೆಗೆ ವಾದ ನಿಂತಿತು. ಆಡಿಯೊದಲ್ಲಿ ಆ ಹೊತ್ತೆಲ್ಲ ಹಾಗೇ ಹರಿದುಹೋಗುತ್ತದೆ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದಕ್ಕೆ ಸಮನಾದ ಪದಗಳಿಲ್ಲ. ಇಂಥ ಜಾಗದಲ್ಲೇ ಸಿಂಕ್‌ನ ಪರೀಕ್ಷೆ ಆಗುವುದು. "ಇಲ್ಲಿ ಯಾರೂ ಮಾತಾಡುತ್ತಿಲ್ಲ" ಎಂದು ಆ ತುಂಡನ್ನು ಕತ್ತರಿಸಿದರೆ ಅಲ್ಲಿಂದ ಮುಂದಿನ ಪ್ರತಿಯೊಂದು ಸಾಲೂ ಅಷ್ಟು ಸೆಕೆಂಡು ತಪ್ಪುತ್ತದೆ.

ಆ ಪಿಡಿಎಫ್ ಟ್ರಾನ್ಸ್‌ಕ್ರಿಪ್ಟ್‌ಗಳಲ್ಲಿ ಸಾಲಿಗೊಂದು ಟೈಮ್‌ಕೋಡ್, ಅಂದರೆ ಆ ಮಾತಿನ ಸಮಯದ ಗುರುತು, ಇಲ್ಲ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಮಾತು ಗುರುತಿಸುವ ವಿಸ್ಪರ್ ಎಂಬ ತಂತ್ರಾಂಶ ಬಳಸಿ ಆಡಿಯೊದಿಂದ ಪಠ್ಯ ತೆಗೆಯುವ ಸೌಲಭ್ಯವಿದೆ. ಎರಡೂ ಭಾಗಗಳಿಗೆ ಅದನ್ನು ಬಿಡಿಬಿಡಿಯಾಗಿ ಓಡಿಸಿ, ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟುಕೊಂಡು ಪದಗಳನ್ನು ತಿದ್ದಿಕೊಂಡರೆ ಸಮಯ ಬಿದ್ದ ಎರಡು ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲುಗಳು ಸಿದ್ಧ.

ಕೈಹಾಕುವ ಮುನ್ನ: ನಿಜಕ್ಕೂ ಸೇರಿಸಬೇಕೆ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಕೇಳಿಕೊಳ್ಳಲೇಬೇಕು.

ರಿಪೋರ್ಟರ್ ಸಹಿ ಮಾಡಿ ದೃಢೀಕರಿಸಿದ ಟ್ರಾನ್ಸ್‌ಕ್ರಿಪ್ಟ್ ಒಂದು ದಾಖಲೆ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮ 30(ಎಫ್) ಪ್ರಕಾರ, ಸಾಕ್ಷಿ ಪ್ರಮಾಣ ಮಾಡಿದ್ದಾರೆ, ಅವರ ಹೇಳಿಕೆ ಇಲ್ಲಿ ಯಥಾವತ್ತಾಗಿ ದಾಖಲಾಗಿದೆ ಎಂದು ಅಧಿಕಾರಿ ಲಿಖಿತವಾಗಿ ದೃಢೀಕರಿಸಬೇಕು. ಆ ದೃಢೀಕರಣ ಆಯಾ ಸಂಪುಟಕ್ಕೆ ಸೇರಿದ್ದು. ನೀವು ಎರಡು ಸಂಪುಟ ಸೇರಿಸಿ ಒಂದು ಮಾಡಿದ ಕ್ಷಣ ಅದು ಕೆಲಸದ ಪ್ರತಿ ಆಗುತ್ತದೆ, ದಾಖಲೆ ಅಲ್ಲ. ಹುಡುಕಲು, ಕೇಳಲು, ವಿಚಾರಣೆಗೆ ತಯಾರಾಗಲು ಅದು ಬಲು ಉಪಯುಕ್ತ. ಆದರೆ ನ್ಯಾಯಾಲಯಕ್ಕೆ ಹೋಗಬೇಕಾದದ್ದು ಮೂಲವೇ. ಸೇರಿಸಿದ ಫೈಲಿನ ಮೊದಲ ಸಾಲಿನಲ್ಲೇ "ಕೆಲಸದ ಪ್ರತಿ" ಎಂದು ಬರೆಯಿರಿ.

ಪುಟಸಂಖ್ಯೆಯ ವಿಷಯವೂ ಇದಕ್ಕೇ ಹೊಂದಿಕೊಂಡಿದೆ. ವಕೀಲರು ಟ್ರಾನ್ಸ್‌ಕ್ರಿಪ್ಟನ್ನು ಉಲ್ಲೇಖಿಸುವುದು ಪುಟ ಮತ್ತು ಸಾಲಿನಿಂದ: 45:12 ಅಂದರೆ 45ನೇ ಪುಟ, 12ನೇ ಸಾಲು. ಫೆಡರಲ್ ನ್ಯಾಯಾಲಯಗಳ ಟ್ರಾನ್ಸ್‌ಕ್ರಿಪ್ಟ್ ಪುಟಕ್ಕೆ 25 ಸಾಲು ಇರುವುದು, ಪ್ರತಿ ಸಾಲಿಗೂ ಸಂಖ್ಯೆ ಇರುವುದು ಇದಕ್ಕಾಗಿಯೇ. ನಿಯಮ 30(ಇ) ಪ್ರಕಾರ ಸಾಕ್ಷಿ ಕೋರಿಕೊಂಡರೆ ಟ್ರಾನ್ಸ್‌ಕ್ರಿಪ್ಟ್ ಓದಿ ತಿದ್ದುಪಡಿ ಸೂಚಿಸಲು 30 ದಿನ ಸಿಗುತ್ತದೆ. ಆ ತಿದ್ದುಪಡಿ ಪಟ್ಟಿಯಲ್ಲಿ ಇರುವುದೂ ಪುಟ, ಸಾಲುಗಳೇ. ಸೇರಿಸುವ ಭರದಲ್ಲಿ ಪುಟಗಳನ್ನು ಹೊಸದಾಗಿ ಎಣಿಸಿದರೆ ಆ ಪಟ್ಟಿಯೆಲ್ಲ ನಿರುಪಯೋಗಿ. ಹೊಸ ಸಂಖ್ಯೆ ಬೇಕೇ ಬೇಕೆಂದರೆ ಹಳೆಯದನ್ನು ಅಳಿಸದೆ ಜೊತೆಗಿಡಿ. ಪ್ರತಿ ಸಾಲಿನ ಆರಂಭದಲ್ಲಿ 2/14:07 ಎಂದು ಹಾಕುವ ಪದ್ಧತಿ ನನಗೆ ಇಷ್ಟ. ಎರಡನೇ ಭಾಗ, 14ನೇ ಪುಟ, 7ನೇ ಸಾಲು.

ವಿಡಿಯೊ ಡೆಪೊಸಿಷನ್ ಆಗಿದ್ದರೆ ಮತ್ತೂ ಒಂದು ಮಾತು. ವಕೀಲರು ಬಳಸುವ ತಂತ್ರಾಂಶಗಳಾದ ಟ್ರಯಲ್ ಡೈರೆಕ್ಟರ್‌ನ ಸಿಎಂಎಸ್, ಡೆಪೊವ್ಯೂನ ಡಿವಿಟಿ, ಲೈವ್‌ನೋಟ್‌ನ ಎಲ್‌ಇಎಫ್ ಇಂಥ ಸಿಂಕ್ ಫೈಲುಗಳು ಮಾಡುವ ಕೆಲಸವೇ ಪುಟ-ಸಾಲನ್ನು ಮಾಧ್ಯಮದ ಫೈಲಿಗೆ, ಅದರೊಳಗಿನ ಸಮಯಕ್ಕೆ ಕಟ್ಟಿಹಾಕುವುದು. ಒಂದೇ ಟ್ರಾನ್ಸ್‌ಕ್ರಿಪ್ಟಿಗೆ ಹಲವು ವಿಡಿಯೊ ತುಂಡುಗಳಿರುವುದು ಅಲ್ಲಿ ಮಾಮೂಲು. ಗಿರಾಕಿ ಕೇಳುತ್ತಿರುವುದು ಇಂಥ ಫೈಲಾದರೆ ಆಡಿಯೊ, ವಿಡಿಯೊ ಅಂಟಿಸುವ ಗೋಜಿಗೇ ಹೋಗಬೇಡಿ.

ಹಂತ 1: ಮೂಲಗಳನ್ನು ಭದ್ರ ಮಾಡಿ

"ಮೂಲ" ಎಂಬ ಫೋಲ್ಡರಿಗೆ ಎಲ್ಲ ಫೈಲುಗಳ ಪ್ರತಿ ಹಾಕಿ, ರೀಡ್ ಓನ್ಲಿ ಮಾಡಿಬಿಡಿ. ಸೆವೆನ್-ಜಿಪ್ ಇದ್ದರೆ ಬಲ ಕ್ಲಿಕ್ ಮೆನುವಿನಲ್ಲೇ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಬಹುದು. ಅದು ಫೈಲಿನ ಬೆರಳಚ್ಚು ಇದ್ದಂತೆ, ಫೈಲು ಚೂರು ಬದಲಾದರೂ ಬದಲಾಗುತ್ತದೆ. ಅದನ್ನು ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಬರೆದಿಡಿ. ಆರು ತಿಂಗಳ ನಂತರ ಯಾರಾದರೂ "ಮೂಲ ಆಡಿಯೊ ಮುಟ್ಟಿದ್ದೀರಾ?" ಎಂದರೆ ಉತ್ತರ ಕೈಯಲ್ಲಿರುತ್ತದೆ.

ಹೆಸರುಗಳನ್ನು ಕೆಲಸದ ಪ್ರತಿಯಲ್ಲಿ ಮಾತ್ರ ಬದಲಿಸಿ: 01, 02, 03 ಎಂದು ಸೊನ್ನೆ ಸಮೇತ. ಇಲ್ಲದಿದ್ದರೆ ಕೆಲವು ತಂತ್ರಾಂಶಗಳು 10ನ್ನು 2ಕ್ಕಿಂತ ಮೊದಲು ಜೋಡಿಸುತ್ತವೆ.

ಹಂತ 2: ಯಾವ ಗಡಿಯಾರ ಎಂದು ತಿಳಿದುಕೊಳ್ಳಿ

ಟ್ರಾನ್ಸ್‌ಕ್ರಿಪ್ಟಿನ ಟೈಮ್‌ಕೋಡ್ ಎರಡು ಬಗೆಯದ್ದಿರುತ್ತದೆ. ಒಂದು, ಆಡಿಯೊದ ಆರಂಭದಿಂದ ಎಣಿಸಿದ್ದು: 00:15:30 ಅಂದರೆ ಆಡಿಯೊ ಶುರುವಾಗಿ ಹದಿನೈದೂವರೆ ನಿಮಿಷ. ಇನ್ನೊಂದು, ಗೋಡೆ ಗಡಿಯಾರದ ಹೊತ್ತು: ಮಧ್ಯಾಹ್ನ 1:25:30. ರಿಪೋರ್ಟರ್‌ಗಳು ಶೀಘ್ರಲಿಪಿಯಲ್ಲಿ ಟೈಪಿಸುವ ಸ್ಟೆನೊ ಯಂತ್ರದಿಂದ ಬರುವ ಟ್ರಾನ್ಸ್‌ಕ್ರಿಪ್ಟುಗಳಲ್ಲಿ ಎರಡನೆಯದನ್ನೂ ಕಾಣುತ್ತೀರಿ.

ಗೋಡೆ ಗಡಿಯಾರದ ಸಮಯ ಇದ್ದಾಗ ಊಟದ ವಿರಾಮವೂ ಲೆಕ್ಕದೊಳಗೆ ಸೇರಿಕೊಂಡಿರುತ್ತದೆ. ಆಡಿಯೊದಲ್ಲಿ ಆ ವಿರಾಮ ಇರುವುದಿಲ್ಲ, ಏಕೆಂದರೆ "ಆಫ್ ದಿ ರೆಕಾರ್ಡ್" ಎಂದೊಡನೆ ರೆಕಾರ್ಡಿಂಗ್ ನಿಲ್ಲಿಸಿರುತ್ತಾರೆ. ಹಾಗಾಗಿ ಪ್ರತಿ ಭಾಗಕ್ಕೂ ಅದರ ಆಡಿಯೊ ಶುರುವಾದ ಹೊತ್ತನ್ನು ಕಳೆಯಬೇಕು. ಎರಡನೇ ಭಾಗದ ಆಡಿಯೊ ಮಧ್ಯಾಹ್ನ 1:10:00ಕ್ಕೆ ಆರಂಭವಾಗಿದೆ ಎಂದುಕೊಳ್ಳಿ. 1:25:30ರ ಮಾತು ಆ ಆಡಿಯೊದೊಳಗೆ 00:15:30ರಲ್ಲಿದೆ. ಇಷ್ಟು ಮಾಡಿಕೊಂಡ ಮೇಲೆ ಎರಡೂ ಬಗೆಗೆ ಮುಂದಿನ ದಾರಿ ಒಂದೇ.

ಶುರುವಾದ ಹೊತ್ತನ್ನು ಫೈಲಿನ ದಿನಾಂಕ ನೋಡಿ ತೀರ್ಮಾನಿಸಬೇಡಿ. ಅದು ಪ್ರತಿ ಮಾಡಿದಾಗ ಬದಲಾಗುತ್ತದೆ, ಹಲವು ಸಲ ರೆಕಾರ್ಡಿಂಗ್ ಮುಗಿದ ಹೊತ್ತನ್ನು ಹೇಳುತ್ತದೆ. ಆಡಿಯೊದ ಮೊದಲ ಸ್ಪಷ್ಟ ಮಾತನ್ನು ಕೇಳಿ, ಅದೇ ಮಾತಿನ ಟೈಮ್‌ಕೋಡ್ ನೋಡಿ ಲೆಕ್ಕ ಹಾಕಿ.

ಹಂತ 3: ಎಲ್ಲ ಆಡಿಯೊವನ್ನೂ ಒಂದೇ ಬಗೆಗೆ ತನ್ನಿ

ಒಂದು ಭಾಗ ಎಂಪಿ3, ಇನ್ನೊಂದು ಡಬ್ಲ್ಯುಎಂಎ, ಮತ್ತೊಂದು ವೇವ್ ಎಂದಿದ್ದರೆ ಎಲ್ಲವನ್ನೂ ವೇವ್‌ಗೆ ಬದಲಿಸಿಕೊಳ್ಳಿ. ಮೂರೂ ಎಂಪಿ3 ಆಗಿದ್ದರೂ ಹೀಗೇ ಮಾಡಿ. ಎಂಪಿ3 ತನ್ನ ಧ್ವನಿಯನ್ನು 1152 ಸ್ಯಾಂಪಲ್‌ಗಳ (ಧ್ವನಿಯ ಬಿಡಿ ಅಳತೆಗಳ) ಚೌಕಟ್ಟುಗಳಲ್ಲಿ ಇಡುತ್ತದೆ. ಮಾತು ಚೌಕಟ್ಟಿನ ನಡುವೆ ಮುಗಿದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ, ಆರಂಭದಲ್ಲೂ ಎನ್‌ಕೋಡರ್ ಒಂದಿಷ್ಟು ಮೌನ ಸೇರಿಸುತ್ತದೆ. ಎರಡು ಫೈಲು ನೇರವಾಗಿ ಅಂಟಿಸಿದಾಗ ಬೆಸುಗೆಯಲ್ಲಿ ಉಳಿಯುವ ಈ ಚೂರು ಸೆಕೆಂಡಿನ ನೂರನೇ ಭಾಗಗಳ ಲೆಕ್ಕದ್ದು, ಒಂದೆರಡು ಬೆಸುಗೆಗೆ ಕಿವಿಗೆ ಗೊತ್ತಾಗುವುದಿಲ್ಲ. ಆದರೆ ರೆಕಾರ್ಡರ್ ಹತ್ತು ಹತ್ತು ನಿಮಿಷಕ್ಕೆ ಫೈಲು ತುಂಡರಿಸಿ ನಲವತ್ತು ತುಂಡು ಕೊಟ್ಟಿದ್ದರೆ ಕೊನೆಯ ಹೊತ್ತಿಗೆ ಅದು ಕಣ್ಣಿಗೆ ಕಾಣುವಷ್ಟು ಬೆಳೆದಿರುತ್ತದೆ.

ಬಿಟ್‌ರೇಟ್ ಏರಿಳಿಯುವ ಎಂಪಿ3 ಇನ್ನೂ ಕಷ್ಟದ್ದು. ಕೆಲವು ಪ್ಲೇಯರ್‌ಗಳು ಅದರ ಅವಧಿಯನ್ನು ಅಂದಾಜು ಮಾಡುತ್ತವೆ, ಬೇಕಾದ ಜಾಗಕ್ಕೆ ಹಾರುವಾಗಲೂ ಅಂದಾಜಿನಲ್ಲೇ ಹಾರುತ್ತವೆ. ಪಠ್ಯ ಸರಿಯಾಗಿದ್ದರೂ ಸಿಂಕ್ ತಪ್ಪಿದಂತೆ ಕಾಣುತ್ತದೆ. ಎಷ್ಟೋ ಜನ ಸರಿಯಿದ್ದ ಟ್ರಾನ್ಸ್‌ಕ್ರಿಪ್ಟನ್ನು ಇದರಿಂದಾಗಿಯೇ ಕೆಡಿಸಿಕೊಳ್ಳುತ್ತಾರೆ.

ಮಾತಿಗೆ 16 ಕಿಲೋಹರ್ಟ್ಸ್, ಮೋನೊ, 16 ಬಿಟ್ ಸಾಕು. ಗಂಟೆಗೆ ಸುಮಾರು 115 ಎಂಬಿ ಆಗುತ್ತದೆ. ಸ್ಟೀರಿಯೊದ ಎರಡು ಚಾನೆಲ್‌ಗಳಲ್ಲಿ ಬೇರೆ ಬೇರೆ ಮೈಕ್ ಇದ್ದರೆ ಮಾತ್ರ ಸ್ಟೀರಿಯೊ ಉಳಿಸಿಕೊಳ್ಳಿ. ಒಬ್ಬರ ಮೇಲೊಬ್ಬರು ಮಾತಾಡಿದಾಗ ಅದು ನೆರವಿಗೆ ಬರುತ್ತದೆ. ಆದರೆ ಆಗ ಒಂದು ಮಿತಿ ಎದುರಾಗುತ್ತದೆ. ಸಾಮಾನ್ಯ ವೇವ್ ಫೈಲು 4 ಜಿಬಿ ದಾಟುವಂತಿಲ್ಲ. 44.1 ಕಿಲೋಹರ್ಟ್ಸ್ ಸ್ಟೀರಿಯೊದಲ್ಲಿ 4 ಜಿಬಿ ಎಂದರೆ ಸುಮಾರು 6 ಗಂಟೆ 45 ನಿಮಿಷ. ಫೆಡರಲ್ ನಿಯಮ 30(ಡಿ)(1) ಒಂದು ಡೆಪೊಸಿಷನ್‌ಗೆ ಸಾಮಾನ್ಯವಾಗಿ ಒಂದು ದಿನ, 7 ಗಂಟೆ ಕೊಡುತ್ತದೆ. ಪೂರ್ತಿ ಸಮಯ ಬಳಸಿದ ಡೆಪೊಸಿಷನ್ ಈ ಮಿತಿಯನ್ನು ಕೊನೆಯ ಕಾಲು ಗಂಟೆಯಲ್ಲಿ ದಾಟುತ್ತದೆ, ಅದೂ ಮುಖ್ಯ ಪ್ರಶ್ನೆಗಳು ಬರುವ ಹೊತ್ತು. ಅಂಥ ಕಡೆ ಮೋನೊ ಮಾಡಿ, ಇಲ್ಲವೇ ಆರ್‌ಎಫ್64 ಬಗೆಯ ವೇವ್ ಬಳಸಿ.

ಬೇರೆ ಬೇರೆ ಸ್ಯಾಂಪಲ್ ರೇಟಿನ ಫೈಲುಗಳನ್ನು ಸರಿಯಾಗಿ ಪರಿವರ್ತಿಸದೆ ಅಂಟಿಸಿದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. 44.1ರಲ್ಲಿ ಮಾಡಿದ್ದನ್ನು 48 ಎಂದು ಓದಿಸಿದರೆ ಒಂದು ಗಂಟೆಯ ಆಡಿಯೊ 55 ನಿಮಿಷ 7 ಸೆಕೆಂಡಿಗೆ ಮುಗಿಯುತ್ತದೆ, ಧ್ವನಿಯೂ ತೆಳ್ಳಗಾಗುತ್ತದೆ. ಪರಿಚಿತ ದನಿ ಎಳೆಯದಾಗಿ ಕೇಳಿಸಿದರೆ ಮೊದಲು ಇದನ್ನೇ ಸಂಶಯಿಸಿ.

ಈ ಹಂತದಲ್ಲಿ ಧ್ವನಿ ಏರಿಸುವುದು, ಫ್ಯಾನಿನ ಸದ್ದು ತಗ್ಗಿಸುವುದು ಮಾಡಬಹುದು, ಅವಧಿ ಬದಲಾಗುವುದಿಲ್ಲ. ಆಡಾಸಿಟಿ ಎಂಬ ಉಚಿತ ಆಡಿಯೊ ತಂತ್ರಾಂಶದಲ್ಲಿರುವ "ಟ್ರಂಕೇಟ್ ಸೈಲೆನ್ಸ್" ಅನ್ನು ಮಾತ್ರ ಮುಟ್ಟಲೇಬೇಡಿ. ಅದು ಮೌನಗಳನ್ನು ಕತ್ತರಿಸುತ್ತದೆ. ಕೋರ್ಟಿನ ಆಡಿಯೊದಲ್ಲಿ ಮೌನಕ್ಕೂ ಬೆಲೆಯಿದೆ. ಸಾಕ್ಷಿ ಉತ್ತರಿಸಲು ತೆಗೆದುಕೊಂಡ ಹನ್ನೆರಡು ಸೆಕೆಂಡು ಪ್ರಕರಣದ ದಿಕ್ಕನ್ನೇ ತೋರಿಸಬಹುದು.

ಹಂತ 4: ಆಡಿಯೊ ಜೋಡಿಸಿ, ಅಳೆಯಿರಿ

ಆಡಾಸಿಟಿ 3ನೇ ಆವೃತ್ತಿಯಲ್ಲಿ ಎಲ್ಲ ವೇವ್ ಫೈಲುಗಳನ್ನೂ ಕ್ರಮವಾಗಿ ಇಂಪೋರ್ಟ್ ಮಾಡಿ. ಒಂದರ ಕೆಳಗೊಂದು ಟ್ರ್ಯಾಕ್ ಆಗಿ, ಎಲ್ಲವೂ ಸೊನ್ನೆಯಿಂದ ಶುರುವಾಗುವಂತೆ ಕೂರುತ್ತವೆ. ಕೆಳಗಿನ ಸಮಯದ ಪಟ್ಟಿಯನ್ನು ಮಿಲಿಸೆಕೆಂಡ್ ತೋರಿಸುವಂತೆ ಬದಲಿಸಿಕೊಂಡು, ಒಂದೊಂದೇ ಟ್ರ್ಯಾಕನ್ನು ಆರಿಸಿ ಅದರ ಉದ್ದ ಬರೆದುಕೊಳ್ಳಿ. ಇದೇ ಇಡೀ ಕೆಲಸದ ಅಡಿಪಾಯ, ಅವಸರ ಮಾಡಬೇಡಿ.

ಆಮೇಲೆ ಎಲ್ಲ ಟ್ರ್ಯಾಕುಗಳನ್ನೂ ಆರಿಸಿ, ಟ್ರ್ಯಾಕ್ಸ್ ಮೆನುವಿನ "ಅಲೈನ್ ಟ್ರ್ಯಾಕ್ಸ್" ಒಳಗಿನ "ಅಲೈನ್ ಎಂಡ್ ಟು ಎಂಡ್" ಒತ್ತಿ. ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿ ಮೆಟ್ಟಿಲಿನಂತೆ ಜೋಡಣೆಯಾಗುತ್ತದೆ. ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಆ ಹೊಸ ಫೈಲನ್ನು ಮತ್ತೆ ತೆರೆದು ಒಟ್ಟು ಉದ್ದ ನೋಡಿ. ಬಿಡಿ ಉದ್ದಗಳ ಮೊತ್ತಕ್ಕೆ ಅದು ಸಮ ಬರಬೇಕು. ಬಾರದಿದ್ದರೆ ಅಲ್ಲೇ ನಿಲ್ಲಿ, ಪಠ್ಯದ ಕಡೆಗೆ ಹೋಗಬೇಡಿ.

ಉದಾಹರಣೆಗೆ ಹೀಗೆ ಬಂತು ಎಂದುಕೊಳ್ಳೋಣ:

ಭಾಗ 1: 1:32:47.318
ಭಾಗ 2: 0:58:12.604
ಒಟ್ಟು: 2:30:59.922

ಅಂದರೆ ಭಾಗ 2ರ ಪಠ್ಯ 1:32:47.318ರಷ್ಟು ಸರಿಯಬೇಕು. ಭಾಗ 3 ಇದ್ದರೆ ಅದು 2:30:59.922ರಷ್ಟು. ಭಾಗಗಳ ನಡುವೆ ಗುರುತಿಗೆಂದು ಎರಡು ಸೆಕೆಂಡು ಮೌನ ಸೇರಿಸುವವರಿದ್ದಾರೆ. ಸೇರಿಸಿದರೆ ಅದನ್ನೂ ಮೊತ್ತಕ್ಕೆ ಕೂಡಿ. ನಾನು ಸೇರಿಸುವುದಿಲ್ಲ. ದಾಖಲೆಯಲ್ಲಿ ಇಲ್ಲದ ಮೌನ ಕೆಲಸದ ಪ್ರತಿಯಲ್ಲೂ ಬೇಡ ಎಂಬುದು ನನ್ನ ನಿಲುವು.

ಇನ್ನೊಂದು ಸಂಗತಿ: ತುಂಡುಗಳು ಒಂದರ ಮೇಲೊಂದು ಹಾಯ್ದಿವೆಯೇ ನೋಡಿ. ರೆಕಾರ್ಡರ್ ತಾನಾಗಿ ಫೈಲು ತುಂಡರಿಸಿದ್ದರೆ ಸಾಮಾನ್ಯವಾಗಿ ಒಂದರ ಕೊನೆಗೆ ಇನ್ನೊಂದು ಶುರು. ಆದರೆ ಎರಡು ಸಾಧನ ಬಳಸಿ, ಮೊದಲನೆಯದನ್ನು ನಿಲ್ಲಿಸುವ ಮುನ್ನವೇ ಎರಡನೆಯದನ್ನು ಶುರು ಮಾಡಿದ್ದರೆ ಕೆಲವು ಮಾತು ಎರಡರಲ್ಲೂ ಇರುತ್ತದೆ. ಭಾಗ 1ರ ಕೊನೆಯ ನಿಮಿಷ, ಭಾಗ 2ರ ಮೊದಲ ನಿಮಿಷ ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ಹಾಯ್ದಿದ್ದರೆ ಭಾಗ 2ರ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಎಳೆದು, ಭಾಗ 1ರ ಕೊನೆಯ ಹೆಚ್ಚುವರಿ ತುಂಡನ್ನು ಕೆಲಸದ ಪ್ರತಿಯಲ್ಲಿ ಮೌನವಾಗಿಸಿ. ಆಗ ಸರಿಸಬೇಕಾದ ಅಳತೆ ಭಾಗ 1ರ ಉದ್ದವಲ್ಲ, ಭಾಗ 2ರ ಟ್ರ್ಯಾಕ್ ಎಲ್ಲಿಂದ ಶುರುವಾಗುತ್ತದೋ ಅದು.

ಹಂತ 5: ಪಠ್ಯ ಸರಿಸಿ, ಆಮೇಲೆ ಸೇರಿಸಿ

ಸಬ್‌ಟೈಟಲ್ ಎಡಿಟ್‌ನಲ್ಲಿ ಟೂಲ್ಸ್ ಮೆನುವಿನಡಿ "ಜಾಯಿನ್ ಸಬ್‌ಟೈಟಲ್ಸ್" ಇದೆ. ಅದರೊಳಗೆ ಎರಡು ಆಯ್ಕೆ. ಫೈಲುಗಳ ಟೈಮ್‌ಕೋಡ್ ಈಗಾಗಲೇ ಸರಿಯಿದೆ ಎಂಬುದು ಒಂದು. ಹಿಂದಿನ ಫೈಲಿನ ಕೊನೆಯ ಸಮಯವನ್ನು ಮುಂದಿನದಕ್ಕೆ ಕೂಡು ಎಂಬುದು ಇನ್ನೊಂದು. ಎರಡನೆಯದು ನೋಡಲು ನಮಗೆ ಬೇಕಾದದ್ದೇ ಅನಿಸುತ್ತದೆ. ಅಲ್ಲಿಯೇ ಎಡವುವುದು.

ಅದು ಕೂಡುವುದು ಹಿಂದಿನ ಪಠ್ಯದ ಕೊನೆಯ ಸಾಲು ಮುಗಿದ ಸಮಯವನ್ನು, ಆಡಿಯೊದ ಉದ್ದವನ್ನಲ್ಲ. ಕೊನೆಯ ಮಾತಿನ ನಂತರವೂ ರೆಕಾರ್ಡಿಂಗ್ ಓಡುತ್ತಿರುತ್ತದೆ. ಕುರ್ಚಿ ಎಳೆಯುವ ಸದ್ದು, ಕಾಗದ ಜೋಡಿಸುವ ಸದ್ದು. ನಮ್ಮ ಉದಾಹರಣೆಯಲ್ಲಿ ಭಾಗ 1ರ ಕೊನೆಯ ಸಾಲು 1:32:41.900ಕ್ಕೆ ಮುಗಿದಿದೆ ಎನ್ನಿ. ಭಾಗ 2ರ ಮೊದಲ ಸಾಲು ಅದರದೇ ಆಡಿಯೊದಲ್ಲಿ 3.250 ಸೆಕೆಂಡಿನಲ್ಲಿದೆ. ಈ ಆಯ್ಕೆ ಅದನ್ನು 1:32:45.150ಕ್ಕೆ ಇಡುತ್ತದೆ. ಇರಬೇಕಾದದ್ದು 1:32:50.568ರಲ್ಲಿ. ವ್ಯತ್ಯಾಸ 5.418 ಸೆಕೆಂಡು. ಪ್ರಶ್ನೆಯ ಮೇಲೆ ಕ್ಲಿಕ್ ಮಾಡಿದರೆ ಕುರ್ಚಿಯ ಸದ್ದು ಕೇಳಿಸುತ್ತದೆ, ಉತ್ತರದ ಮೇಲೆ ಕ್ಲಿಕ್ ಮಾಡಿದರೆ ಪ್ರಶ್ನೆ ಕೇಳಿಸುತ್ತದೆ. ಕೊನೆಯವರೆಗೂ ಹೀಗೇ.

ಸರಿಯಾದ ದಾರಿ ಇದು. ಭಾಗ 2ರ ಫೈಲನ್ನು ಒಂದನ್ನೇ ತೆರೆಯಿರಿ. ಸಿಂಕ್ರೊನೈಸೇಷನ್ ಮೆನುವಿನ "ಅಡ್ಜಸ್ಟ್ ಆಲ್ ಟೈಮ್ಸ್" ಗೆ ಹೋಗಿ 1:32:47.318 ತುಂಬಿ, ಎಲ್ಲ ಸಾಲುಗಳಿಗೂ ಅನ್ವಯಿಸುವಂತೆ ಆರಿಸಿ, "ಶೋ ಲೇಟರ್" ಒತ್ತಿ. ಬೇರೆ ಹೆಸರಿನಲ್ಲಿ ಉಳಿಸಿ. ಗುಂಡಿ ಎರಡು ಸಲ ಒತ್ತಿದರೆ ಎರಡು ಸಲ ಸರಿಯುತ್ತದೆ, ಆದ್ದರಿಂದ ಮೊದಲ ಸಾಲಿನ ಸಮಯವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಿ. ಭಾಗ 3ಕ್ಕೂ ಅದರ ಮೊತ್ತ ಹಾಕಿ ಹೀಗೇ ಮಾಡಿ. ಎಲ್ಲವೂ ಸಿದ್ಧವಾದ ಮೇಲೆ "ಜಾಯಿನ್ ಸಬ್‌ಟೈಟಲ್ಸ್" ತೆರೆದು, ಟೈಮ್‌ಕೋಡ್ ಈಗಾಗಲೇ ಸರಿಯಿದೆ ಎಂಬ ಆಯ್ಕೆಯಿಂದ ಸೇರಿಸಿ.

ನೋಟ್‌ಪ್ಯಾಡಿನಲ್ಲಿ ಕೈಯಿಂದಲೇ ಅಂಟಿಸುವವರು ಮೂರು ವಿಷಯ ಗಮನಿಸಬೇಕು. ಎಸ್‌ಆರ್‌ಟಿಯಲ್ಲಿ ಸಾಲುಗಳ ಕ್ರಮಸಂಖ್ಯೆ ಎರಡನೇ ಭಾಗದಲ್ಲಿ ಮತ್ತೆ 1ರಿಂದ ಶುರುವಾಗುತ್ತದೆ, ಅದನ್ನು ಮುಂದುವರಿಸಬೇಕು. ಇನ್ನೊಂದು ಸಬ್‌ಟೈಟಲ್ ಬಗೆಯಾದ ವೆಬ್‌ವಿಟಿಟಿ ಆದರೆ ಫೈಲಿನ ತಲೆಯಲ್ಲಿರುವ ಹೆಸರಿನ ಸಾಲು ಒಂದೇ ಸಲ, ಮೊದಲಲ್ಲಿ ಮಾತ್ರ ಇರಬೇಕು. ಎಸ್‌ಆರ್‌ಟಿಯಲ್ಲಿ ಮಿಲಿಸೆಕೆಂಡಿನ ಮುಂದೆ ಅಲ್ಪವಿರಾಮ, ವೆಬ್‌ವಿಟಿಟಿಯಲ್ಲಿ ಚುಕ್ಕಿ. ಎರಡನ್ನೂ ಬೆರೆಸಿದರೆ ಕೆಲವು ಪ್ಲೇಯರ್‌ಗಳು ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ.

ಅಕ್ಷರ ಸಂಕೇತದ ತೊಂದರೆಯೂ ಉಂಟು. ಒಂದು ಫೈಲು ಯುಟಿಎಫ್-8, ಇನ್ನೊಂದು ಹಳೆಯ ವಿಂಡೋಸ್ ಬಗೆಯದಾಗಿದ್ದರೆ ಕಾನೂನಿನ ಕಲಂ ಸೂಚಿಸುವ § ಚಿಹ್ನೆ, ಬಾಗಿದ ಉದ್ಧರಣ ಚಿಹ್ನೆಗಳು ಕೆಡುತ್ತವೆ. ಕನ್ನಡದ ಸಾಕ್ಷ್ಯ ಇದ್ದರೆ ಕೆಡುವುದು ಇಡೀ ಪಠ್ಯವೇ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಹೇಳಿಕೆಯನ್ನೂ ಯುನಿಕೋಡಿನ ಹೇಳಿಕೆಯನ್ನೂ ಒಂದೇ ಫೈಲಿಗೆ ತಂದರೆ ಅರ್ಧ ಭಾಗ ಓದಲಾಗದ ಚಿಹ್ನೆಗಳಾಗಿ ನಿಲ್ಲುತ್ತದೆ. ಸೇರಿಸುವ ಮುನ್ನವೇ ಎಲ್ಲವನ್ನೂ ಯುನಿಕೋಡಿಗೆ ಪರಿವರ್ತಿಸಿ ಯುಟಿಎಫ್-8ರಲ್ಲಿ ಉಳಿಸಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು, ಸಾಕ್ಷಿಯ ಹೆಸರನ್ನಾದರೂ ಕಣ್ಣಿಟ್ಟು ನೋಡಿ.

ಸ್ಟೆನೊ ತಂತ್ರಾಂಶದ ಫೈಲುಗಳಾದರೆ

ಸ್ಟೆನೋಗ್ರಾಫ್ ಕಂಪನಿಯ ಕೇಸ್ ಕ್ಯಾಟಲಿಸ್ಟ್, ಅಡ್ವಾಂಟೇಜ್ ಸಾಫ್ಟ್‌ವೇರ್‌ನ ಎಕ್ಲಿಪ್ಸ್ ಇಂಥವುಗಳಲ್ಲಿ ಕಟ್ಟು ಇನ್ನೂ ಸೂಕ್ಷ್ಮ. ರಿಪೋರ್ಟರ್ ಯಂತ್ರದ ಮೇಲೆ ಒತ್ತಿದ ಪ್ರತಿಯೊಂದು ಸ್ಟ್ರೋಕಿಗೂ ಸಮಯ ಬಿದ್ದಿರುತ್ತದೆ. ಪರದೆಯ ಪದ ಸ್ಟ್ರೋಕಿಗೆ, ಸ್ಟ್ರೋಕು ಸಮಯಕ್ಕೆ, ಸಮಯ ಆಡಿಯೊಕ್ಕೆ ಹೀಗೆ ಸರಪಳಿ. ಪಠ್ಯವನ್ನು ವರ್ಡ್‌ಗೆ ತೆಗೆದು ಅಲ್ಲಿ ಸೇರಿಸಿ ವಾಪಸು ತಂದರೆ ನಡುವಿನ ಕೊಂಡಿ ಕಳಚಿಹೋಗುತ್ತದೆ. ಆಸ್ಕಿ ಫೈಲಾಗಿ ತೆಗೆದರೂ ಅಷ್ಟೇ, ಪದಗಳು ಬರುತ್ತವೆ, ಸ್ಟೆನೊ ಬರುವುದಿಲ್ಲ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಬೇಕಾದರೆ ಆರ್‌ಟಿಎಫ್-ಸಿಆರ್‌ಇ ಬಗೆ ಬಳಸಿ. ಸ್ಟೆನೊ ಮತ್ತು ಟೈಮ್‌ಕೋಡ್ ಎರಡನ್ನೂ ಹೊತ್ತೊಯ್ಯಲು ಅದರಲ್ಲಿ ಜಾಗವಿದೆ.

ಇಲ್ಲಿ ಪಾಲಿಸಬೇಕಾದ ಕ್ರಮ: ಪಠ್ಯ, ಸ್ಟೆನೊ ನೋಟ್ಸ್, ಆಡಿಯೊ ಮೂರನ್ನೂ ಒಟ್ಟಿಗೆ ಪ್ರತಿ ಮಾಡಿ. ತಂತ್ರಾಂಶದ ಹೊರಗೆ ಹೆಸರು ಬದಲಿಸಬೇಡಿ, ಆಡಿಯೊ ಫೈಲನ್ನು ಹುಡುಕಿಕೊಳ್ಳುವುದು ಸಾಮಾನ್ಯವಾಗಿ ಹೆಸರಿನಿಂದಲೇ. ಆ ತಂತ್ರಾಂಶದ್ದೇ ಸೇರಿಸುವ ಆಜ್ಞೆ ಬಳಸಿ, ಅದೂ ಮೊದಲು ಎರಡೆರಡು ನಿಮಿಷದ ಎರಡು ಪುಟ್ಟ ಫೈಲುಗಳ ಮೇಲೆ. ಸೇರಿದ ಫೈಲಿನ ಎರಡನೇ ಭಾಗದ ಪದದ ಮೇಲೆ ನಿಂತು ಆಡಿಯೊ ಓಡಿಸಿ. ಸರಿಯಾದ ಮಾತು ಕೇಳಿಸಿದರೆ ದೊಡ್ಡದಕ್ಕೆ ಹೋಗಿ. ಮೊದಲ ಭಾಗದ ಆಡಿಯೊ ಮಾತ್ರ ಓಡುತ್ತಿದ್ದರೆ ಹಠ ಹಿಡಿಯಬೇಡಿ. ಭಾಗಗಳನ್ನು ಬಿಡಿಬಿಡಿಯಾಗಿಯೇ ಆಡಿಯೊ ಕೇಳುತ್ತ ತಿದ್ದಿ ಮುಗಿಸಿ, ಕೊನೆಯಲ್ಲಿ ಪಠ್ಯ ಮಾತ್ರ ಸೇರಿಸಿ. ಸ್ಕೋಪಿಸ್ಟ್‌ಗೆ, ಅಂದರೆ ಟ್ರಾನ್ಸ್‌ಕ್ರಿಪ್ಟ್ ತಿದ್ದಿಕೊಡುವವರಿಗೆ, ಆಡಿಯೊ ಬೇಕಾಗಿರುವುದು ತಿದ್ದುವಾಗ. ತಿದ್ದಿದ ಮೇಲೆ ಸೇರಿಸಿದರೆ ಕಳೆದುಕೊಳ್ಳುವುದು ಕಡಿಮೆ.

ಹಂತ 6: ಪರೀಕ್ಷೆ

ಬೆಸುಗೆಯ ಎರಡೂ ಬದಿ, ಭಾಗ 2ರ ನಡು, ಭಾಗ 2ರ ಕೊನೆ, ಜೊತೆಗೆ ದೀರ್ಘ ಮೌನ ಅಥವಾ ಗದ್ದಲ ಇರುವ ಜಾಗದ ನಂತರದ ಮಾತು, ಇಷ್ಟನ್ನು ಕೇಳಿ. ಜೋಡಿಸಿದ ವೇವ್ ಮೇಲೇ ಪರೀಕ್ಷಿಸಿ. ಗಿರಾಕಿಗೆ ಎಂಪಿ3 ಬೇಕಿದ್ದರೆ ಎಲ್ಲ ಮುಗಿದ ಮೇಲೆ, ಒಂದೇ ಸಲ, ಸ್ಥಿರ ಬಿಟ್‌ರೇಟಿನಲ್ಲಿ ಮಾಡಿಕೊಡಿ.

ತಪ್ಪು ಕಂಡರೆ ಅದರ ಸ್ವಭಾವ ನೋಡಿ. ಭಾಗದುದ್ದಕ್ಕೂ ಒಂದೇ ಅಂತರವಿದ್ದರೆ, ಉದಾಹರಣೆಗೆ ಎಲ್ಲ ಕಡೆ ಎರಡು ಸೆಕೆಂಡು, ಸರಿಸಿದ ಅಳತೆ ತಪ್ಪಿದೆ. ಮತ್ತೆ ಅಳೆದು ಸರಿಸಿ. ಆರಂಭದಲ್ಲಿ ಸರಿಯಿದ್ದು ಬರಬರುತ್ತ ಅಂತರ ಬೆಳೆದರೆ ಅದು ಬೇರೆಯೇ ಕಾಯಿಲೆ. ಟೈಮ್‌ಕೋಡ್ ಕೊಟ್ಟ ಯಂತ್ರದ ಗಡಿಯಾರ, ಆಡಿಯೊ ಹಿಡಿದ ಸಾಧನದ ಗಡಿಯಾರ ಎರಡೂ ಒಂದೇ ವೇಗದಲ್ಲಿ ಓಡಿಲ್ಲ. ಹತ್ತು ಲಕ್ಷದಲ್ಲಿ 50 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡು, ಏಳು ಗಂಟೆಗೆ 1.26 ಸೆಕೆಂಡು. ಇದಕ್ಕೆ ಸಬ್‌ಟೈಟಲ್ ಎಡಿಟ್‌ನಲ್ಲಿ "ಪಾಯಿಂಟ್ ಸಿಂಕ್" ಇದೆ. ಆ ಭಾಗದ ಆರಂಭದ ಒಂದು ಸಾಲು, ಕೊನೆಯ ಒಂದು ಸಾಲು ಆರಿಸಿ ಅವುಗಳ ನಿಜ ಸಮಯ ಕೊಟ್ಟರೆ ನಡುವಿನದನ್ನು ಅದೇ ಹಂಚಿಕೊಡುತ್ತದೆ. ಇದನ್ನು ಭಾಗವಾರು, ಸೇರಿಸುವ ಮುನ್ನ ಮಾಡಬೇಕು. ಸೇರಿಸಿದ ಫೈಲಿನ ಮೇಲೆ ಮಾಡಿದರೆ ಸರಿಯಿದ್ದ ಭಾಗವೂ ಎಳೆದುಹೋಗುತ್ತದೆ. ಒಂದು ಜಾಗದಿಂದ ಥಟ್ಟನೆ ತಪ್ಪು ಶುರುವಾಗಿದ್ದರೆ ಆ ಜಾಗದಲ್ಲಿ ಆಡಿಯೊ ಕತ್ತರಿಯಾಗಿದೆ ಅಥವಾ ರೆಕಾರ್ಡಿಂಗ್ ನಡುವೆ ನಿಂತು ಶುರುವಾಗಿದೆ. ಮೂಲ ಆಡಿಯೊ ತೆರೆದು ಹೋಲಿಸಿ.

ನಮ್ಮ ನ್ಯಾಯಾಲಯಗಳ ಸಾಮಗ್ರಿಯ ಬಗ್ಗೆ

ಭಾರತದ ಸುಪ್ರೀಂ ಕೋರ್ಟು 2023ರ ಫೆಬ್ರುವರಿ 21ರಿಂದ ಸಂವಿಧಾನ ಪೀಠದ ವಾದಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಪಠ್ಯಕ್ಕೆ ಇಳಿಸಲು ಶುರು ಮಾಡಿತು. ಹಲವು ದಿನ ನಡೆಯುವ ಅಂಥ ವಿಚಾರಣೆಗಳಲ್ಲಿ ದಿನಕ್ಕೊಂದು ಟ್ರಾನ್ಸ್‌ಕ್ರಿಪ್ಟ್. 370ನೇ ವಿಧಿಯ ಪ್ರಕರಣದ ವಾದ 2023ರ ಆಗಸ್ಟ್ 2ರಿಂದ ಸೆಪ್ಟೆಂಬರ್ 5ರವರೆಗೆ 16 ದಿನ ನಡೆಯಿತು. ಅಂಥದ್ದರಲ್ಲಿ ಒಂದು ವಾದಸರಣಿಯನ್ನು ಬೆನ್ನುಹತ್ತುವ ಕಾನೂನು ವಿದ್ಯಾರ್ಥಿಗೆ ಪಠ್ಯಗಳನ್ನು ಒಂದಾಗಿ ಹುಡುಕಲು ಸಿಕ್ಕರೆ ಎಷ್ಟೋ ಸಮಯ ಉಳಿಯುತ್ತದೆ. ದಿನ ಮತ್ತು ಪುಟವನ್ನು ಸಾಲಿನ ತಲೆಗೆ ಹಚ್ಚುವ ಪದ್ಧತಿ ಇಲ್ಲಿಗೂ ಹೊಂದುತ್ತದೆ.

ಆದರೆ ಧ್ವನಿಯ ವಿಷಯದಲ್ಲಿ ಎಚ್ಚರ. ಕರ್ನಾಟಕ ಹೈಕೋರ್ಟಿನ ಕಲಾಪಗಳ ನೇರಪ್ರಸಾರ ಮತ್ತು ಧ್ವನಿಮುದ್ರಣಕ್ಕೆ 2021ರ ನಿಯಮಗಳಿವೆ, ಅವು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಅನುಮತಿ ಇಲ್ಲದೆ ಆ ಪ್ರಸಾರವನ್ನು ಮುದ್ರಿಸಿಕೊಳ್ಳುವುದು, ಹಂಚುವುದು ನಿಷಿದ್ಧ. ಅಂದರೆ ಈ ವಿಧಾನವನ್ನು ಅಲ್ಲಿನ ಆಡಿಯೊ ಮೇಲೆ ಪ್ರಯೋಗಿಸಲು ಮೊದಲು ಬೇಕಾದದ್ದು ಅನುಮತಿ.

ಫೈಲಿನ ಜೊತೆ ಹೋಗಬೇಕಾದ ಟಿಪ್ಪಣಿ

ಸೇರಿಸಿದ ಪ್ರತಿಯನ್ನು ಕಳಿಸುವಾಗ ಒಂದು ಪುಟ್ಟ ಪಠ್ಯ ಫೈಲು ಜೊತೆಗಿರಲಿ. ಮೂಲ ಫೈಲುಗಳ ಹೆಸರು ಮತ್ತು ಹ್ಯಾಶ್, ಪ್ರತಿ ಭಾಗದ ಅಳೆದ ಉದ್ದ, ಸರಿಸಿದ ಅಳತೆ, ಹಾಯ್ದ ಜಾಗ ಇದ್ದರೆ ಅಲ್ಲಿ ಏನು ಮಾಡಿದಿರಿ, ಯಾವ ಜಾಗಗಳನ್ನು ಕೇಳಿ ಪರೀಕ್ಷಿಸಿದಿರಿ. ಮುಂದೆ ನಾಲ್ಕನೇ ಭಾಗ ಬಂದರೆ ಇದೇ ಟಿಪ್ಪಣಿಯಿಂದ ಕೆಲಸ ಮುಂದುವರಿಸಬಹುದು. ನಮ್ಮ ಉದಾಹರಣೆಗೆ ಅದರ ಮುಖ್ಯ ಸಾಲು ಹೀಗಿರುತ್ತದೆ: "ಭಾಗ 2ರ ಪಠ್ಯವನ್ನು 1:32:47.318 ಮುಂದಕ್ಕೆ ಸರಿಸಿದೆ. ಅಳತೆ ಭಾಗ 1ರ ವೇವ್ ಉದ್ದದಿಂದ. ಮೌನ ಸೇರಿಸಿಲ್ಲ, ಕತ್ತರಿಸಿಲ್ಲ. ಪುಟ-ಸಾಲು ಮೂಲದ್ದೇ."